ಎಪಾಕ್ಸಿ ಬಳಿಯುವ ಮುನ್ನ ನೆಲದ ಬಿರುಕು, ಜಾಯಿಂಟುಗಳನ್ನು ಏನು ಮಾಡಬೇಕು?

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಶೆಡ್ಡಿನ ನೆಲ ಹದಿನಾಲ್ಕು ವರ್ಷ ಹಳೆಯ ಟ್ರಿಮಿಕ್ಸ್ ಕಾಂಕ್ರೀಟ್ (ಹಾಕಿದ ಕೂಡಲೇ ಹೆಚ್ಚುವರಿ ನೀರನ್ನು ವ್ಯಾಕ್ಯೂಮ್‌ನಿಂದ ಹೀರಿ, ಯಂತ್ರದಿಂದ ನುಣುಪು ಮಾಡಿದ್ದು), 6 ಇಂಚು ದಪ್ಪ. ಹೊಸ ಗ್ರಾಹಕ ಕಂಪನಿಯವರು ಮಾರ್ಚ್ ತಿಂಗಳಲ್ಲಿ ತಪಾಸಣೆಗೆ ಬರುವವರಿದ್ದು, ಅಷ್ಟರೊಳಗೆ ನೆಲಕ್ಕೆ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ) ಕೋಟಿಂಗ್ ಆಗಿರಬೇಕು ಎಂದಿದ್ದಾರೆ. ನೆಲದಲ್ಲಿ ಅಲ್ಲಲ್ಲಿ ಬಲೆಯಂಥ ಸಣ್ಣ ಬಿರುಕುಗಳಿವೆ. ಒಂದು ಕಂಬದ ಮೂಲೆಯಿಂದ ಓರೆಯಾಗಿ ಉದ್ದನೆಯ ಬಿರುಕು ಹೋಗಿದೆ. ಹಿಂದಿನ ಗೋಡೆಯ ಪಕ್ಕದಲ್ಲಿ, ಗೋಡೆಯುದ್ದಕ್ಕೂ ಇನ್ನೊಂದು ಬಿರುಕಿದ್ದು, ಗೋಡೆಯ ಕಡೆಯ ಭಾಗ ಸ್ವಲ್ಪ ಕುಸಿದಿದೆ. ಅದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕೂಡಿಕೊಂಡಂತೆ ಕಾಣುತ್ತದೆ. ಪ್ಯಾಲೆಟ್ ಟ್ರಕ್ ಓಡಾಡುವ ದಾರಿಯಲ್ಲಿ ಜಾಯಿಂಟುಗಳ (ನೆಲದಲ್ಲಿ ಬೇಕೆಂದೇ ಸೀಳಿದ ಗೆರೆಗಳ) ಅಂಚು ಒಡೆದಿದೆ. ಗುತ್ತಿಗೆದಾರರು ಬಿರುಕು, ಜಾಯಿಂಟು ಎಲ್ಲಕ್ಕೂ ಪುಟ್ಟಿ ತುಂಬಿ ಮುಚ್ಚಿ, ಇಡೀ ನೆಲ ಒಂದೇ ಹಾಳೆಯಂತೆ ಕಾಣುವ ಹಾಗೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಗಣಪತಿ ಹಬ್ಬದ ರಜೆಯಲ್ಲಿ ಕೆಲಸ ಮುಗಿಸಬಹುದಂತೆ. ಹೀಗೆ ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. ಪುಟ್ಟಿಯೂ ಬೇಡ, ಜಾಯಿಂಟು ಮುಚ್ಚುವುದೂ ಬೇಡ, ಗಣಪತಿ ಹಬ್ಬದ ಮುಹೂರ್ತವೂ ಬೇಡ. ನೀವು ವರ್ಣಿಸಿರುವ ನಾಲ್ಕು ತೊಂದರೆಗಳು ನೋಡಲು ಒಂದೇ ಜಾತಿಯವೆನಿಸಿದರೂ ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲಕ್ಕೂ ಒಂದೇ ಡಬ್ಬಿಯಿಂದ ತೆಗೆದು ತುಂಬಿದ ನೆಲ ತಪಾಸಣೆಯ ದಿನ ಚೆನ್ನಾಗಿಯೇ ಕಾಣುತ್ತದೆ. ಮುಂದಿನ ಬೇಸಿಗೆಯಲ್ಲಿ ಹಳೆಯ ಬಿರುಕಿನ ಗುರುತಿನ ಮೇಲೆಯೇ ಕೋಟಿಂಗ್ ಸೀಳುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ರೋಲರ್‌ನಿಂದ ಬಳಿಯುವ ಎಪಾಕ್ಸಿಯ ದಪ್ಪ ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು, ಸೆಲ್ಫ್ ಲೆವೆಲಿಂಗ್ ಎನ್ನುವ ಬಗೆಯದು 1ರಿಂದ 3 ಮಿ.ಮೀ. ಇಷ್ಟು ತೆಳುವಾದ ಪದರ 150 ಮಿ.ಮೀ. ದಪ್ಪದ ಕಾಂಕ್ರೀಟನ್ನು ಹಿಡಿದು ನಿಲ್ಲಿಸಲಾರದು. ಕಾಂಕ್ರೀಟ್ ಹೇಗೆ ಸರಿಯುತ್ತದೋ ಹಾಗೆ ಕೋಟಿಂಗ್ ಸರಿಯಲೇಬೇಕು, ಸರಿಯಲಾಗದಿದ್ದರೆ ಹರಿಯಬೇಕು. ಕಾಂಕ್ರೀಟ್ ಸರಿಯುವುದು ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಒಂದು ಮೀಟರ್ ಕಾಂಕ್ರೀಟ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ನಿಮ್ಮ ಜಾಯಿಂಟುಗಳ ನಡುವಿನ ಒಂದು ಪ್ಯಾನೆಲ್ 4.5 ಮೀಟರ್ ಇದೆ ಎಂದುಕೊಂಡರೆ, ಪುಣೆಯ ಡಿಸೆಂಬರ್ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಶೆಡ್ಡಿನೊಳಗಿನ ನೆಲದಲ್ಲಿ 15 ಡಿಗ್ರಿ ವ್ಯತ್ಯಾಸವಾದಾಗ ಆ ಪ್ಯಾನೆಲ್ಲಿನ ಉದ್ದ 0.7 ಮಿ.ಮೀ.ನಷ್ಟು ಬದಲಾಗುತ್ತದೆ. ಕೇಳಲು ಇದು ಏನೂ ಅಲ್ಲ. ಆದರೆ ಕೋಟಿಂಗ್ ಜಾಯಿಂಟಿನ ಎರಡೂ ಕಡೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ಈ 0.7 ಮಿ.ಮೀ. ಪೂರ್ತಿಯಾಗಿ ಜಾಯಿಂಟಿನ ಮೇಲಿರುವ ಸಣ್ಣ ಗೆರೆಯಷ್ಟು ಜಾಗದಲ್ಲಿಯೇ ಎಳೆಯಬೇಕಾಗುತ್ತದೆ. ಗಡುಸಾದ ಎಪಾಕ್ಸಿಗೆ ಅಷ್ಟು ಎಳೆತ ತಡೆಯುವ ಶಕ್ತಿಯಿಲ್ಲ. ಪುಣೆ ಹತ್ತಿರದ ಚಾಕಣದ ಒಂದು ಗೋದಾಮಿನಲ್ಲಿ ಹೀಗೆ ಜಾಯಿಂಟು ಮುಚ್ಚಿ ಬಳಿದ ನೆಲವನ್ನು ನಾನು ನೋಡಿದ್ದೇನೆ: ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟನೆಯ ಬಿರುಕುಗಳು, ಅವುಗಳ ಅಂಚಿನಿಂದ ಬೆರಳಗಲದ ಸಿಪ್ಪೆಯಾಗಿ ಏಳುತ್ತಿರುವ ಬಣ್ಣ. ವಸ್ತು ಕಳಪೆಯಾಗಿರಲಿಲ್ಲ, ಸಮಸ್ಯೆ ಇದ್ದದ್ದು ಜಾಯಿಂಟನ್ನು ಇಲ್ಲವೆಂದು ಮಾಡಹೊರಟಿದ್ದರಲ್ಲಿ.

ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಮೀಟರಿಗೆ ಅರ್ಧ ಮಿಲಿಮೀಟರಿನ ಆಸುಪಾಸು. ಹಾಗೆ ಕುಗ್ಗುವಾಗ ಅದು ಎಲ್ಲಿ ಬೇಕೆಂದರಲ್ಲಿ ಒಡೆಯದೆ ನಾವು ಹೇಳಿದ ಗೆರೆಯಲ್ಲಿಯೇ ಒಡೆಯಲಿ ಎಂದು, ನೆಲ ಹಾಕಿದ ಮರುದಿನದೊಳಗೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಟರ್ ಮಷೀನ್‌ನಿಂದ ಸೀಳುತ್ತಾರೆ. ನಿಮ್ಮ ನೆಲದಲ್ಲಿ ಈ ಸೀಳು ಸುಮಾರು 38 ಮಿ.ಮೀ. ಆಳ ಇರಬೇಕು, ಅದರ ಕೆಳಗೆ ಕಾಂಕ್ರೀಟ್ ತಾನಾಗಿಯೇ ಒಡೆದಿರುತ್ತದೆ. ಅಂದರೆ ಜಾಯಿಂಟ್ ಎನ್ನುವುದು ನಾವೇ ಕೇಳಿ ಮಾಡಿಸಿಕೊಂಡ ಬಿರುಕು. ಹದಿನಾಲ್ಕು ವರ್ಷದಲ್ಲಿ ಒಣಗಿ ಕುಗ್ಗುವ ಕ್ರಿಯೆ ಬಹುತೇಕ ಮುಗಿದಿದೆ. ಇದು ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಬಿಸಿ ತಂಪಿನಿಂದಾಗುವ ಚಲನೆ, ಭಾರದಿಂದಾಗುವ ಚಲನೆ, ನೆಲದಡಿಯ ಮಣ್ಣಿನ ಚಲನೆ, ಈ ಮೂರು ಮಾತ್ರ ಉಳಿದಿವೆ.

ಆದ್ದರಿಂದ ಏನು ತುಂಬಬೇಕು ಎಂದು ಕೇಳುವುದಕ್ಕಿಂತ ಮುಂಚೆ ಯಾವ ಬಿರುಕು ಈಗಲೂ ಸರಿಯುತ್ತಿದೆ, ಯಾವುದು ನಿಂತುಹೋಗಿದೆ ಎಂದು ಕೇಳಬೇಕು. ನಿಂತ ಬಿರುಕನ್ನು ಗಡುಸು ಎಪಾಕ್ಸಿಯಿಂದ ಬೆಸೆದು ಒಂದಾಗಿಸಬಹುದು. ಸರಿಯುವ ಬಿರುಕನ್ನು ಬೆಸೆದರೆ ಅದರ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ; ಅದಕ್ಕೆ ಮೆತ್ತನೆಯ ವಸ್ತು ತುಂಬಿ, ಕೋಟಿಂಗನ್ನೂ ಅಲ್ಲಿ ಕಡಿದು, ಜಾಯಿಂಟ್ ಎಂದೇ ಒಪ್ಪಿಕೊಳ್ಳಬೇಕು. ಈ ಪರೀಕ್ಷೆಗೆ ನೀವು ಯಾರನ್ನೂ ಕರೆಯಬೇಕಾಗಿಲ್ಲ, ಏಕೆಂದರೆ ಬೇಕಾದ ಉಪಕರಣಗಳು ನಿಮ್ಮ ಮಷೀನ್ ಶಾಪ್‌ನಲ್ಲಿಯೇ ಇವೆ. ಬಿರುಕಿನ ಎರಡೂ ಬದಿಗೆ, ಸುಮಾರು 100 ಮಿ.ಮೀ. ಅಂತರದಲ್ಲಿ, ಒಂದೊಂದು ಸಣ್ಣ ಉಕ್ಕಿನ ಪಿನ್ ಕೂರಿಸಿ ಎಪಾಕ್ಸಿ ಅಂಟಿನಿಂದ ಗಟ್ಟಿ ಮಾಡಿರಿ. ಪಿನ್ನುಗಳ ಹೊರಬದಿಯಿಂದ ಹೊರಬದಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳತೆ ಬರೆದಿಡಿ. ಜೊತೆಗೆ ದಿನಾಂಕ, ಹೊತ್ತು, ನೆಲದ ಉಷ್ಣತೆಯೂ ಇರಲಿ. ವಾರಕ್ಕೊಮ್ಮೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಳೆದರೆ ಸಾಕು. ಬಿರುಕು ಎಲ್ಲಿ ಕೊನೆಗೊಳ್ಳುತ್ತದೋ ಅಲ್ಲಿ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿದರೆ ಅದು ಉದ್ದಕ್ಕೆ ಬೆಳೆಯುತ್ತಿದೆಯೇ ಎಂಬುದೂ ತಿಳಿಯುತ್ತದೆ. ಇನ್ನೊಂದು ಪರೀಕ್ಷೆ ಬಹಳ ಜನರಿಗೆ ಹೊಳೆಯುವುದಿಲ್ಲ: ಮ್ಯಾಗ್ನೆಟ್ ಸ್ಟ್ಯಾಂಡನ್ನು ಒಂದು ಭಾರದ ಉಕ್ಕಿನ ತಟ್ಟೆಯ ಮೇಲೆ ನಿಲ್ಲಿಸಿ ಬಿರುಕಿನ ಒಂದು ಬದಿಗೆ ಇಡಿ, ಡಯಲ್ ಗೇಜಿನ ಮೊನೆ ಇನ್ನೊಂದು ಬದಿಯನ್ನು ಮುಟ್ಟುವಂತೆ ಹೊಂದಿಸಿ, ತುಂಬಿದ ಪ್ಯಾಲೆಟ್ ಟ್ರಕ್ಕನ್ನು ಬಿರುಕಿನ ಮೇಲೆ ದಾಟಿಸಿರಿ. ಮುಳ್ಳು ಅಲುಗಾಡಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಆ ಪ್ಯಾನೆಲ್ಲಿನ ಕೆಳಗೆ ಪೊಳ್ಳು ಇದೆ ಎಂದರ್ಥ. ಮೇಲಿನಿಂದ ಎಂಥ ಬೆಲೆಬಾಳುವ ವಸ್ತು ತುಂಬಿದರೂ ಅಲ್ಲಿ ನಿಲ್ಲುವುದಿಲ್ಲ.

ಈಗ ನಿಮ್ಮ ಬಿರುಕುಗಳಿಗೆ ಬರುತ್ತೇನೆ. ಬಲೆಯಂಥ ಬಿರುಕುಗಳ ಬಗ್ಗೆ ಚಿಂತೆ ಬೇಡ. ಟ್ರಿಮಿಕ್ಸ್ ಮಾಡುವಾಗ ಮೇಲ್ಪದರ ಬೇಗ ಒಣಗಿದರೆ, ಅಥವಾ ನುಣುಪಾಗಲೆಂದು ಒಣ ಸಿಮೆಂಟ್ ಚೆಲ್ಲಿ ಉಜ್ಜಿದರೆ ಇವು ಮೂಡುತ್ತವೆ. ಆಳ ಕೆಲವೇ ಮಿಲಿಮೀಟರ್. ಡೈಮಂಡ್ ಗ್ರೈಂಡರ್ ಆಡಿಸಿದಾಗ ಎಷ್ಟೋ ಮಾಯವಾಗುತ್ತವೆ, ಉಳಿದವನ್ನು ತೆಳುವಾದ ಎಪಾಕ್ಸಿ ಪ್ರೈಮರ್ ಒಳಗಿಳಿದು ತುಂಬುತ್ತದೆ. 0.3 ಮಿ.ಮೀ.ಗಿಂತ ಕಿರಿದಾದ, ನಿಂತುಹೋದ ಯಾವ ಬಿರುಕನ್ನೂ ಕಟರ್ ಹಾಕಿ ಅಗಲ ಮಾಡಲು ಬಿಡಬೇಡಿ. ಸುಮ್ಮನೆ ಗಾಯ ದೊಡ್ಡದಾಗುತ್ತದೆ.

ಕಂಬದ ಮೂಲೆಯ ಓರೆ ಬಿರುಕು ನಿಜವಾದ ದುರಸ್ತಿ ಕೇಳುತ್ತದೆ. ಕಂಬದ ಸುತ್ತ ಬಿಡುವು ಬಿಡದೆ ಕಾಂಕ್ರೀಟನ್ನು ತಾಗಿಸಿ ಹಾಕಿದಾಗ, ಕುಗ್ಗುವ ಕಾಂಕ್ರೀಟ್ ಕಂಬದ ಚೂಪು ಮೂಲೆಯಲ್ಲಿ ಸಿಕ್ಕಿಕೊಂಡು ಅಲ್ಲಿಂದ ಸೀಳುವುದು ಎಲ್ಲ ಶೆಡ್ಡುಗಳಲ್ಲಿಯೂ ಕಾಣುವ ಸಂಗತಿ. ಎರಡೂ ಬದಿ ಒಂದೇ ಮಟ್ಟದಲ್ಲಿದ್ದು, ವರ್ನಿಯರ್ ಅಳತೆ ಅಲುಗದಿದ್ದರೆ ಇದನ್ನು ನಿಂತ ಬಿರುಕೆಂದು ತಿಳಿದು ಬೆಸೆಯಬಹುದು.

ಆದರೆ ಕಟರ್ ಹಾಕುವ ಮೊದಲು ಎಣ್ಣೆಯ ವಿಚಾರ. ಮಷೀನ್ ಶಾಪ್‌ನ ನೆಲ ಕೂಲಂಟನ್ನೂ ಕಟಿಂಗ್ ಆಯಿಲನ್ನೂ ವರ್ಷಗಟ್ಟಲೆ ಕುಡಿದಿರುತ್ತದೆ, ಬಿರುಕಿನೊಳಗೆ ಇನ್ನೂ ಹೆಚ್ಚು. ನೆಲದ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಇಂಗದೆ ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯಿದೆ, ಇಲ್ಲವೇ ಹಳೆಯ ಸೀಲರ್ ಇದೆ. ಸೀಮೆಎಣ್ಣೆ, ಡೀಸೆಲ್, ಥಿನ್ನರ್‌ನಿಂದ ತೊಳೆಯುವ ರೂಢಿ ನಮ್ಮಲ್ಲಿ ಬಹಳವಾಗಿದೆ. ಅವು ಎಣ್ಣೆಯನ್ನು ತೆಳ್ಳಗೆ ಮಾಡಿ ಇನ್ನಷ್ಟು ಆಳಕ್ಕೆ ಇಳಿಸುತ್ತವೆ, ಬೆಂಕಿಯ ಭಯ ಬೇರೆ. ಕ್ಷಾರೀಯ ಡಿಗ್ರೀಸರನ್ನು ಬಿಸಿ ನೀರಿನಲ್ಲಿ ಬೆರೆಸಿ, ಗಟ್ಟಿ ಬ್ರಶ್‌ನಿಂದ ಉಜ್ಜಿ, ಕೊಳೆ ನೀರನ್ನು ವೆಟ್ ವ್ಯಾಕ್ಯೂಮ್‌ನಿಂದ ಹೀರಿ ತೆಗೆಯಬೇಕು; ಗುಡಿಸಿ ತಳ್ಳಿದರೆ ಅದು ಮತ್ತೆ ಜಾಯಿಂಟಿನೊಳಗೇ ಸೇರುತ್ತದೆ. ನೀರಿನ ಹನಿ ಇಂಗುವ ತನಕ ಇದನ್ನು ಮತ್ತೆ ಮತ್ತೆ ಮಾಡಬೇಕು. ತೊಳೆದು ಒಣಗಿದ ಒಂದೆರಡು ದಿನದಲ್ಲಿ ಕಪ್ಪು ಕಲೆ ಮತ್ತೆ ಮೇಲೆ ಬಂದರೆ ಆ ಕಾಂಕ್ರೀಟನ್ನು ಒಡೆದು ತೆಗೆಯುವುದಲ್ಲದೆ ದಾರಿಯಿಲ್ಲ. ಹುಳುಕು ತೆಗೆಯದೆ ಹಲ್ಲಿಗೆ ಸಿಮೆಂಟ್ ತುಂಬುವ ವೈದ್ಯರಿಲ್ಲವಷ್ಟೆ? ಗ್ರೈಂಡಿಂಗ್ ಆದಮೇಲೆ ತೊಳೆಯೋಣ ಎನ್ನುವವರ ಮಾತನ್ನೂ ಕೇಳಬೇಡಿ, ಏಕೆಂದರೆ ಗ್ರೈಂಡರ್ ಎಣ್ಣೆಯನ್ನು ಇಡೀ ನೆಲಕ್ಕೆ ಸವರಿಬಿಡುತ್ತದೆ.

ಬಿರುಕನ್ನು ಬಿಡಿಸುವ ಕೆಲಸಕ್ಕೆ ಡೈಮಂಡ್ ಬ್ಲೇಡ್ ಹಾಕಿದ ಆ್ಯಂಗಲ್ ಗ್ರೈಂಡರ್ ಸಾಕು. ಬಿರುಕು ಹೋದ ದಾರಿಯಲ್ಲಿಯೇ ಸೊಟ್ಟಸೊಟ್ಟಾಗಿ ಹೋಗಿ 6ರಿಂದ 8 ಮಿ.ಮೀ. ಅಗಲ, 10ರಿಂದ 15 ಮಿ.ಮೀ. ಆಳದ ಕಾಲುವೆ ತೆಗೆಯಬೇಕು. ಅದರ ಬದಿಗಳು ಆದಷ್ಟು ನೆಟ್ಟಗಿರಲಿ. ಬಾಯಿ ಅಗಲವಾಗಿ ಅಂಚು ತೆಳುವಾದರೆ ತುಂಬಿದ್ದು ಆ ತೆಳು ಅಂಚಿನಿಂದಲೇ ಏಳಲು ಶುರುವಾಗುತ್ತದೆ. ಉಳಿ, ಸುತ್ತಿಗೆಯಿಂದ ಬಡಿದು ತೆಗೆಯುವ ಗವಂಡಿಗಳನ್ನು ತಡೆಯಿರಿ. ಪೆಟ್ಟಿಗೆ ಬದಿಯ ಕಾಂಕ್ರೀಟ್ ಕಣ್ಣಿಗೆ ಕಾಣದಂತೆ ನುಗ್ಗಾಗಿರುತ್ತದೆ. ಕಟಿಂಗ್ ಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಪುಪ್ಪುಸಕ್ಕೆ ಸೇರಿದರೆ ವಾಸಿಯಾಗದ ಸಿಲಿಕೋಸಿಸ್ ಬರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಹುಡುಗರಿಂದ ಈ ಕೆಲಸ ಮಾಡಿಸಬಾರದು. ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರ್, ಎನ್ 95 ಮಾಸ್ಕ್ ಇದ್ದರೆ ಮಾತ್ರ ಕೆಲಸ ಶುರುವಾಗಲಿ. ಶೆಡ್ ನಿಮ್ಮದು, ಆದ್ದರಿಂದ ಈ ಷರತ್ತು ಹಾಕುವ ಹೊಣೆಯೂ ನಿಮ್ಮದೇ.

ಕಾಲುವೆಯ ಧೂಳನ್ನು ವ್ಯಾಕ್ಯೂಮ್‌ನಿಂದ ತೆಗೆಯಬೇಕು. ಶಾಪ್‌ನ ಕಂಪ್ರೆಸರ್ ಗಾಳಿ ಹೊಡೆದುಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಆ ಗಾಳಿಯಲ್ಲಿ ಎಣ್ಣೆಯ ಹನಿಯೂ ನೀರಿನ ಹನಿಯೂ ಇರುತ್ತವೆ. ಒಂದು ಬಿಳಿ ಕಾಗದದ ಮೇಲೆ ಒಂದು ನಿಮಿಷ ಗಾಳಿ ಬಿಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಣಗಿದ, ಧೂಳಿಲ್ಲದ ಕಾಲುವೆಗೆ ಮೊದಲು ಮರಳು ಬೆರೆಸದ, ನೀರಿನಂತೆ ತೆಳುವಾದ ಎಪಾಕ್ಸಿಯನ್ನು ನಿಧಾನವಾಗಿ ಸುರಿಯಬೇಕು. ಇದೇ ಕೆಲಸದ ಮುಖ್ಯ ಘಟ್ಟ. ಸುರಿದ ಐದು ನಿಮಿಷದಲ್ಲಿ ಮಟ್ಟ ಇಳಿದಿರುತ್ತದೆ. ಮತ್ತೆ ಸುರಿಯಬೇಕು, ಮತ್ತೆ ಇಳಿಯುತ್ತದೆ. ಹೀಗೆ ಬಿರುಕು ಸಾಕೆನ್ನುವ ತನಕ ಕುಡಿಸಬೇಕು. ಇಳಿಯುವುದು ನಿಂತು, ಅದು ಇನ್ನೂ ಹಸಿಯಾಗಿರುವಾಗಲೇ, ಒಣ ಕ್ವಾರ್ಟ್ಜ್ ಮರಳು ಬೆರೆಸಿದ ಎಪಾಕ್ಸಿಯನ್ನು ಕಾಲುವೆಗೆ ಒತ್ತಿ ತುಂಬಿ, ನೆಲಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟು, ಮೇಲೆ ಅದೇ ಮರಳನ್ನು ಉದುರಿಸಬೇಕು. ಮರುದಿನ ಗಡುಸಾದ ಮೇಲೆ ಗ್ರೈಂಡರ್‌ನಿಂದ ಮಟ್ಟ ಮಾಡಿದರೆ ಕೋಟಿಂಗ್ ಹಿಡಿಯಲು ಬೇಕಾದ ಒರಟುತನವೂ ಸಿಗುತ್ತದೆ.

ಎಪಾಕ್ಸಿಯ ಎರಡು ಭಾಗಗಳನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ (ಗಟ್ಟಿಯಾಗಿಸುವ ಭಾಗ) ಸ್ವಲ್ಪ ಹೆಚ್ಚು ಸುರಿಯುವ ಚಾಳಿ ಇದೆ. ಹೆಚ್ಚಾದ ಹಾರ್ಡನರ್‌ಗೆ ಜೋಡಿ ಸಿಗದೆ ಅದು ಹಾಗೆಯೇ ಉಳಿದು, ತುಂಬಿದ ಭಾಗ ಅಂಟಂಟಾಗಿ ಮೆತ್ತಗಾಗಿಯೇ ಉಳಿಯುತ್ತದೆ. ಬೆರೆಸಿದ್ದನ್ನು ಬಕೆಟ್ಟಿನಲ್ಲಿ ಗುಡ್ಡೆಯಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಕಾದು ಹೊಗೆಯಾಡುವುದುಂಟು, ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ ಅಗಲ ತಟ್ಟೆಗೆ ಸುರಿದುಕೊಳ್ಳಲಿ.

ನಿಮ್ಮ ಗುತ್ತಿಗೆದಾರರು ಹೇಳುವ ಪುಟ್ಟಿ ಯಾವುದು ಎಂದು ಡಬ್ಬಿ ತರಿಸಿ ನೋಡಿ. ಅದು ಎಪಾಕ್ಸಿ ಪುಟ್ಟಿಯಾದರೆ ಸಣ್ಣ ಗುಳಿ, ತೂತುಗಳಿಗೆ ಒಳ್ಳೆಯದೇ. ಗೋಡೆಯ ಪುಟ್ಟಿ, ಬಿಳಿ ಸಿಮೆಂಟು, ಬರೀ ಸಿಮೆಂಟಿನ ಹಾಲು ಇವುಗಳಲ್ಲಿ ಯಾವುದಾದರೂ ಆದರೆ ನೆಲದ ಬಿರುಕಿನ ಹತ್ತಿರಕ್ಕೂ ಬರಕೂಡದು. ಅವು ಒಣಗುತ್ತ ತಾವೇ ಕುಗ್ಗುತ್ತವೆ, ಹಳೆಯ ಕಾಂಕ್ರೀಟಿಗೆ ಹಿಡಿಯುವುದಿಲ್ಲ, ಮೇಲೆ ಬಂದ ಎಪಾಕ್ಸಿ ಎಳೆದಾಗ ಪುಡಿಯಾಗಿ ಕಳಚಿಕೊಳ್ಳುತ್ತವೆ.

ಜಾಯಿಂಟುಗಳ ಕೆಲಸದಲ್ಲಿ ಮೊದಲು ಒಡೆದ ಅಂಚು, ಆಮೇಲೆ ಜಾಯಿಂಟು. ಪ್ಯಾಲೆಟ್ ಟ್ರಕ್ಕಿನ ನೈಲಾನ್ ಚಕ್ರ ಸಣ್ಣದು, ಬಲು ಗಡುಸು. ತುಂಬದ ಜಾಯಿಂಟಿನಲ್ಲಿ ಅದು ಸ್ವಲ್ಪ ಇಳಿದು ಎದುರಿನ ಅಂಚಿಗೆ ಬಡಿಯುತ್ತದೆ. ದಿನಕ್ಕೆ ನೂರು ಸಲ ಹೀಗೆ ಬಡಿದರೆ ಯಾವ ಕಾಂಕ್ರೀಟೂ ಉಳಿಯದು. ಒಡೆದ ಭಾಗದಿಂದ ಸ್ವಲ್ಪ ಹಿಂದಕ್ಕೆ, ಗಟ್ಟಿ ಕಾಂಕ್ರೀಟ್ ಸಿಗುವಲ್ಲಿ, ಜಾಯಿಂಟಿಗೆ ಸಮನಾಗಿ 15ರಿಂದ 20 ಮಿ.ಮೀ. ಆಳಕ್ಕೆ ನೆಟ್ಟನೆ ಕಟ್ ಮಾಡಿ, ನಡುವಿನದನ್ನು ತೆಗೆದು, ಪ್ರೈಮರ್ ಸವರಿ, ಅದು ಅಂಟಾಗಿರುವಾಗ ಮರಳು ಬೆರೆಸಿದ ಎಪಾಕ್ಸಿ ಗಾರೆ ತುಂಬಬೇಕು. ಗಾರೆ ಜಾಯಿಂಟಿನ ಆಚೆಯ ಬದಿಗೂ ಅಂಟಿಕೊಂಡು ಎರಡು ಪ್ಯಾನೆಲ್‌ಗಳನ್ನು ಬೆಸೆಯದಂತೆ ನೋಡಿಕೊಳ್ಳಬೇಕು. ಸುಲಭದ ದಾರಿಯೆಂದರೆ ಎರಡೂ ಬದಿ ಒಟ್ಟಿಗೆ ತುಂಬಿ, ಗಡುಸಾದ ಮೇಲೆ ಜಾಯಿಂಟನ್ನು ಹಳೆಯ ಗೆರೆಯಲ್ಲಿಯೇ ಪೂರ್ತಿ ಆಳಕ್ಕೆ ಮತ್ತೆ ಸೀಳುವುದು. ಮತ್ತೆ ಸೀಳಲು ಮರೆತರೆ ಇಷ್ಟೆಲ್ಲ ಖರ್ಚು ಮಾಡಿದ ಗಾರೆಯೇ ಮೊದಲು ಒಡೆಯುತ್ತದೆ.

ಚಕ್ರ ಓಡಾಡುವ ಜಾಯಿಂಟಿಗೆ ಏನು ತುಂಬಬೇಕು ಎಂಬುದರಲ್ಲಿ ಗೊಂದಲ ಹೆಚ್ಚು. ಕಟ್ಟಡದ ಹೊರಗೋಡೆಗೆ ಬಳಸುವ ಮೆತ್ತನೆಯ ಸೀಲಂಟ್ ಇಲ್ಲಿ ಚಕ್ರದ ಭಾರಕ್ಕೆ ಕುಸಿಯುತ್ತದೆ, ಅಂಚಿಗೆ ಆಸರೆ ಕೊಡುವುದಿಲ್ಲ. ಗಡುಸು ಎಪಾಕ್ಸಿ ಅಂಚಿಗೆ ಆಸರೆ ಕೊಡುತ್ತದೆ, ಆದರೆ ಚಲನೆಗೆ ಅವಕಾಶ ಕೊಡುವುದಿಲ್ಲ. ಇವೆರಡರ ನಡುವಿನ ಅರೆಗಡುಸಾದ ಜಾಯಿಂಟ್ ಫಿಲ್ಲರ್ ಬೇಕು: ಅರೆಗಡುಸು ಎಪಾಕ್ಸಿ ಅಥವಾ ಪಾಲಿಯೂರಿಯಾ, ಶೋರ್ ಎ ಮಾಪಕದಲ್ಲಿ (ರಬ್ಬರಿನಂಥ ವಸ್ತುಗಳ ಗಡಸುತನ ಅಳೆಯುವ ಮಾಪಕ) ಗಡಸುತನ 80 ಅಥವಾ ಹೆಚ್ಚು. ಪಾಲಿಯೂರಿಯಾ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಪಂಪ್ ಅಥವಾ ಕಾರ್ಟ್ರಿಜ್ ಗನ್ ಇರುವ, ಕೈ ಪಳಗಿದ ತಂಡವೇ ಬೇಕು. ಸಣ್ಣ ಶೆಡ್ಡಿಗೆ ಅರೆಗಡುಸು ಎಪಾಕ್ಸಿ ನೆಮ್ಮದಿಯ ಆಯ್ಕೆ. ಜಾಯಿಂಟಿನೊಳಗಿನ ಹಳೆಯ ಡಾಂಬರು, ಕೊಳೆ, ಲೋಹದ ಚೂರು ಎಲ್ಲವನ್ನೂ ತೆಗೆದು, ಎರಡೂ ಮುಖಗಳಲ್ಲಿ ಹೊಸ ಕಾಂಕ್ರೀಟ್ ಕಾಣುವಂತೆ ಒಣ ಬ್ಲೇಡ್ ಓಡಿಸಿ, ಸೀಳಿನ ಪೂರ್ತಿ ಆಳಕ್ಕೆ ಫಿಲ್ಲರ್ ತುಂಬಬೇಕು. ವಸ್ತು ಉಳಿಸಲೆಂದು ಕೆಳಗೆ ಫೋಮ್ ಹಗ್ಗ ತುರುಕಿ ಮೇಲೆ 10 ಮಿ.ಮೀ. ಮಾತ್ರ ತುಂಬುತ್ತಾರೆ, ಚಕ್ರ ಹೋಗುವ ಜಾಯಿಂಟಿನಲ್ಲಿ ಇದು ತಪ್ಪು, ಏಕೆಂದರೆ ಭಾರ ಬಿದ್ದಾಗ ಫಿಲ್ಲರ್ ಫೋಮಿನೊಳಕ್ಕೆ ಇಳಿಯುತ್ತದೆ. ತಳದ ಬಿರುಕಿನಿಂದ ವಸ್ತು ಸೋರಿಹೋಗದಿರಲು ತುಸು ಎತ್ತರಕ್ಕೆ ಒಣ ಮರಳು ಹಾಕಿದರೆ ಸಾಕು. ಮೇಲೆ ಉಬ್ಬುವಂತೆ ತುಂಬಿ, ಗಟ್ಟಿಯಾದ ಮೇಲೆ ನೆಲದ ಮಟ್ಟಕ್ಕೆ ಕೊಯ್ದು ತೆಗೆಯಬೇಕು.

ಕೋಟಿಂಗ್ ಮತ್ತು ಜಾಯಿಂಟಿನ ಕ್ರಮ ನನ್ನ ಅಭಿಪ್ರಾಯದಲ್ಲಿ ಹೀಗಿರಬೇಕು. ಮೇಲೆ ಹೇಳಿದಂತೆ ಜಾಯಿಂಟ್ ತುಂಬಿ ಮಟ್ಟ ಮಾಡಿದ ಮೇಲೆ ಇಡೀ ನೆಲಕ್ಕೆ ಕೋಟಿಂಗ್ ಹಾಕಿ, ಅದು ಗಟ್ಟಿಯಾದ ನಂತರ ಜಾಯಿಂಟಿನ ಗೆರೆಯಲ್ಲಿ ಕೋಟಿಂಗನ್ನು ಮತ್ತೆ ಸೀಳಿ, ಆ ಸಣ್ಣ ಸೀಳಿಗೆ ಕೋಟಿಂಗ್ ಬಣ್ಣದ ಫಿಲ್ಲರ್ ಹಾಕುವುದು. ಇದಕ್ಕಾಗಿ ಜಾಯಿಂಟ್ ಎಲ್ಲಿದೆ ಎಂಬ ಗುರುತು ಕೋಟಿಂಗ್ ಕೆಳಗೆ ಮುಚ್ಚಿಹೋಗುವ ಮುನ್ನ, ಪ್ರತಿ ಜಾಯಿಂಟಿನ ನೇರಕ್ಕೆ ಎರಡೂ ಕಡೆ ಗೋಡೆಯ ಬುಡದಲ್ಲಿ ಒಂದೊಂದು ಮೊಳೆ ಹೊಡೆದಿಡಬೇಕು. ಕೋಟಿಂಗ್ ಆದಮೇಲೆ ಮೊಳೆಯಿಂದ ಮೊಳೆಗೆ ಬಣ್ಣ ಹಚ್ಚಿದ ಲೈನ್ ದೋರಿ ಎಳೆದು ಬಡಿದರೆ ಗೆರೆ ಸಿಗುತ್ತದೆ. ಅಂದಾಜಿನಿಂದ ಸೀಳಿದರೆ ಜಾಯಿಂಟ್ ಒಂದು ಕಡೆ, ಸೀಳು ಇನ್ನೊಂದು ಕಡೆ ಆಗುತ್ತದೆ. ಇಷ್ಟು ಮಾಡಿದ ನೆಲ ಒಂದೇ ಹಾಳೆಯಂತೆ ಕಾಣುವುದಿಲ್ಲ, ಅಚ್ಚುಕಟ್ಟಾದ ಚೌಕಗಳಾಗಿ ಕಾಣುತ್ತದೆ. ತಪಾಸಣೆಗೆ ಬರುವವರು ನೋಡುವುದು ಧೂಳು, ಎಣ್ಣೆ ಕಲೆ, ಎದ್ದ ಸಿಪ್ಪೆಯನ್ನೇ ಹೊರತು ಜಾಯಿಂಟ್ ಇದೆಯೆಂದು ಯಾರೂ ಆಕ್ಷೇಪಿಸುವುದಿಲ್ಲ.

ಕಂಬ, ಗೋಡೆ, ಮಷೀನ್ ಫೌಂಡೇಶನ್ ಸುತ್ತಲಿನ ಬಿಡುವು ಬೇರೆ ಜಾತಿಯದು. ಅಲ್ಲಿ ಚಕ್ರ ಹೋಗುವುದಿಲ್ಲ, ಚಲನೆ ಮಾತ್ರ ಹೆಚ್ಚು. ಪ್ರೆಸ್ ಇದ್ದರೆ ಅದರ ಕಂಪನವೂ ಸೇರುತ್ತದೆ. ಆದ್ದರಿಂದ ಅಲ್ಲಿ ಫೋಮ್ ಹಗ್ಗವೂ ಮೆತ್ತನೆಯ ಪಾಲಿಯುರಿಥೇನ್ ಸೀಲಂಟೂ ಸರಿಯಾದ ವಸ್ತುಗಳು. 12 ಮಿ.ಮೀ. ಅಗಲದ ಸಂದಿಗೆ ಸೀಲಂಟ್ ಆಳ 6 ಮಿ.ಮೀ. ಸಾಕು. ಸೀಲಂಟ್ ಎರಡು ಬದಿಗೆ ಮಾತ್ರ ಹಿಡಿಯಬೇಕು, ತಳಕ್ಕೆ ಹಿಡಿದರೆ ಎಳೆಯಲಾರದೆ ಹರಿಯುತ್ತದೆ; ಫೋಮ್ ಹಗ್ಗದ ಕೆಲಸವೇ ಅದನ್ನು ತಪ್ಪಿಸುವುದು. ಕೋಟಿಂಗ್ ಈ ಸಂದಿನ ಅಂಚಿಗೆ ನಿಂತು, ಸೀಲಂಟ್ ಕೊನೆಗೆ ಬರಲಿ.

ಹಿಂಗೋಡೆಯ ಬಿರುಕು ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಕೂಡುತ್ತದೆ, ಒಂದು ಬದಿ ಕುಸಿದಿದೆ ಎಂದರೆ ಇದು ಕಾಂಕ್ರೀಟಿನ ಕಾಯಿಲೆಯಲ್ಲ, ಅಡಿಯ ಮಣ್ಣಿನದು. ಪುಣೆಯ ಸುತ್ತಮುತ್ತ ಕಪ್ಪು ಕಲ್ಲಿನ ಮೇಲೆ ಎರೆಮಣ್ಣು ಹಲವು ಕಡೆ ಇದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಅದರ ಗುಣ ಹೇಳಬೇಕಾಗಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಶೆಡ್ ಕಟ್ಟುವಾಗ ಅದನ್ನು ಪೂರ್ತಿ ತೆಗೆದು ಗರಸು ತುಂಬಿ ಕುಟ್ಟದಿದ್ದರೆ, ಮಳೆಯ ನೀರು ತಾಗುವ ಗೋಡೆಯಂಚಿನಲ್ಲಿ ನೆಲ ವರ್ಷವರ್ಷವೂ ಏರಿಳಿಯುತ್ತದೆ. ಹೊರಗೆ ಹೋಗಿ ನೋಡಿ: ಸೂರಿನ ಪೈಪು ಗೋಡೆಯ ಬುಡದಲ್ಲಿಯೇ ನೀರು ಬಿಡುತ್ತಿರಬಹುದು, ಅಥವಾ ಚರಂಡಿ ಸೋರುತ್ತಿರಬಹುದು. ಅದನ್ನು ಗೋಡೆಯಿಂದ ದೂರ ಸಾಗಿಸುವುದು ಮೊದಲ ದುರಸ್ತಿ. ಒಳಗೆ, ಬಿರುಕಿನಿಂದ ಗೋಡೆಯ ತನಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ನೆಲ ಟಣ್ ಎನ್ನುತ್ತದೆ, ಪೊಳ್ಳು ಇದ್ದಲ್ಲಿ ಡಬ್ ಡಬ್ ಎಂಬ ಸದ್ದು ಬರುತ್ತದೆ. ಹಾಗೆ ಬಂದ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ.

ಪೊಳ್ಳು ಮಾತ್ರ ಇದ್ದು ಮಣ್ಣು ಒಳ್ಳೆಯದಾದರೆ ತೂತು ಕೊರೆದು ಸಿಮೆಂಟ್ ಗ್ರೌಟ್ ಇಳಿಸಬಹುದು. ಎರೆಮಣ್ಣಾದರೆ ಆ ಪಟ್ಟಿಯನ್ನು ಒಡೆದು, ಮಣ್ಣು ತೆಗೆದು, ಗರಸನ್ನು 150 ಮಿ.ಮೀ. ಪದರಗಳಲ್ಲಿ ನೀರು ಹಾಕಿ ಕುಟ್ಟಿ, ಪ್ಲಾಸ್ಟಿಕ್ ಹಾಳೆ ಹಾಸಿ ಹೊಸ ಕಾಂಕ್ರೀಟ್ ಹಾಕುವುದೇ ನಿಜವಾದ ಪರಿಹಾರ. ಈ ನಿರ್ಧಾರವನ್ನು ಒಬ್ಬ ಸಿವಿಲ್ ಇಂಜಿನಿಯರ್ ಜಾಗಕ್ಕೆ ಬಂದು ನೋಡಿಯೇ ಮಾಡಬೇಕು. ಈ ವರ್ಷ ಸಮಯ, ಹಣ ಎರಡೂ ಹೊಂದದಿದ್ದರೆ ನನ್ನ ಸಲಹೆ ಇಷ್ಟು: ಬಿರುಕಿನ ಈಚೆಗೆ ಒಂದು ನೆಟ್ಟನೆಯ ಗೆರೆ ಸೀಳಿ ಕೋಟಿಂಗನ್ನು ಅಲ್ಲಿಗೆ ನಿಲ್ಲಿಸಿ, ಆ ಪಟ್ಟಿಯನ್ನು ಚೊಕ್ಕವಾಗಿ ತೊಳೆದು, ಬಿರುಕಿಗೆ ಸದ್ಯಕ್ಕೆ ಮೆತ್ತನೆಯ ಸೀಲಂಟ್ ಹಾಕಿ ಹಾಗೆಯೇ ಬಿಡಿ. ಅರೆಬರೆ ಕಂಡರೂ ಚಿಂತೆಯಿಲ್ಲ. ಆ ಬಿರುಕಿನ ಮೇಲೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ದುರಸ್ತಿಗಳೆಲ್ಲ ಮುಗಿದ ಮೇಲೆ ಇಡೀ ನೆಲಕ್ಕೆ ಗ್ರೈಂಡಿಂಗ್ ಆಗಬೇಕು. ಟ್ರಿಮಿಕ್ಸ್ ನೆಲದ ನುಣುಪು ಮೇಲ್ಪದರ ಎಪಾಕ್ಸಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಹೋಗಿ, ಕೈಯಾಡಿಸಿದರೆ ನಯವಾದ ಮರಳು ಕಾಗದದಂತೆ ತಟ್ಟುವ ಮೈ ಕಾಣಬೇಕು. ಆ್ಯಸಿಡ್ ಸುರಿದು ತೊಳೆಯುವ ಅಗ್ಗದ ಮಾರ್ಗ ಎಣ್ಣೆಯಿದ್ದ ನೆಲದಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಮೇಲಾಗಿ ಬಿರುಕುಗಳೊಳಗೆ ಆ್ಯಸಿಡ್, ನೀರು ಎರಡನ್ನೂ ಇಳಿಸುತ್ತದೆ.

ಇನ್ನು ಹಬ್ಬದ ಪ್ರಶ್ನೆ. ಗಣಪತಿ ಕೂರುವ ಹೊತ್ತಿಗೆ ಪುಣೆಯಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಎಪಾಕ್ಸಿ ಬಳಿಯುವಾಗ ನೆಲದ ಉಷ್ಣತೆ ಗಾಳಿಯ ಇಬ್ಬನಿಬಿಂದುವಿಗಿಂತ (ಗಾಳಿಯ ತೇವ ಹನಿಯಾಗಿ ಕೂರಲು ಶುರುವಾಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಶೆಡ್ಡಿನೊಳಗೆ 26 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ ಇಬ್ಬನಿಬಿಂದು ಸುಮಾರು 24 ಡಿಗ್ರಿ. ನೆಲ 25 ಡಿಗ್ರಿ ಇದ್ದರೂ ಕೋಟಿಂಗ್ ಹಾಕುವಂತಿಲ್ಲ. ಹಾಕಿದರೆ ಮೇಲೆ ಬೆಳ್ಳಗೆ ಜಿಡ್ಡುಜಿಡ್ಡಾದ ಪೊರೆ ಕೂರುತ್ತದೆ, ಮೇಲಿನ ಕೋಟ್ ಅದಕ್ಕೆ ಹಿಡಿಯುವುದಿಲ್ಲ. ಇದರ ಜೊತೆಗೆ ಅಡಿಯಿಂದ ಏರುವ ತೇವ ಬೇರೆ: ಹಳೆಯ ಶೆಡ್ಡುಗಳಲ್ಲಿ ಕಾಂಕ್ರೀಟ್ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿರುವುದು ಅಪರೂಪ. 45 ಸೆಂ.ಮೀ. ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಇನ್ನೂ ಸಿದ್ಧವಾಗಿಲ್ಲ. ಬಿರುಕಿನ ಮೇಲೊಂದು, ಗೋಡೆಯ ಹತ್ತಿರ ಒಂದು, ನಡುವೆ ಒಂದು ಹೀಗೆ ಕಡೇಪಕ್ಷ ಮೂರು ಕಡೆ ನೋಡಬೇಕು. ಹಾಳೆ ಒಣಗಿದೆ ಎಂದಮಾತ್ರಕ್ಕೆ ಪೂರ್ತಿ ನಂಬುವಂತಿಲ್ಲ, ಅದು ಮೇಲ್ಮೈಯ ಮಾತನ್ನಷ್ಟೇ ಹೇಳುತ್ತದೆ. ಗುತ್ತಿಗೆದಾರರಲ್ಲಿ ಮಾಯಿಶ್ಚರ್ ಮೀಟರ್ ಇದ್ದರೆ ವಸ್ತುವಿನ ಕಂಪನಿ ಹೇಳಿದ ಮಿತಿಯ ಜೊತೆ ಹೋಲಿಸಿ ನೋಡಲಿ.

ನಿಮಗೆ ಮಾರ್ಚ್ ತನಕ ಸಮಯವಿದೆ. ಗಣಪತಿ ರಜೆಯಲ್ಲಿ ಎಣ್ಣೆ ತೊಳೆಯುವ ಕೆಲಸ, ಪಿನ್ ಕೂರಿಸುವುದು, ಸೂರಿನ ಪೈಪಿನ ದುರಸ್ತಿ ಆಗಲಿ. ಭೋಸರಿಯ ಬಹಳಷ್ಟು ಶಾಪ್‌ಗಳು ದೀಪಾವಳಿಗೆ ಹೆಚ್ಚು ದಿನ ಮುಚ್ಚುತ್ತವೆ, ಅಷ್ಟರಲ್ಲಿ ಮಳೆಯೂ ಹಿಂದೆಗೆದಿರುತ್ತದೆ. ಆಗ ಬಿರುಕು, ಜಾಯಿಂಟುಗಳ ದುರಸ್ತಿ ಮಾಡಿಸಿ, ಹಾಳೆಯ ಪರೀಕ್ಷೆ ಪಾಸಾದರೆ ಕೋಟಿಂಗನ್ನೂ ಮುಗಿಸಿರಿ, ಇಲ್ಲದಿದ್ದರೆ ಜನವರಿಗೆ ಇಟ್ಟುಕೊಳ್ಳಿ.

ಕರಾರಿನಲ್ಲಿ ಒಂದು ವಿಚಾರ ಬರೆಸಿಕೊಳ್ಳಿ. ಎಲ್ಲ ಸೇರಿ ಚದರಡಿಗೆ ಇಂತಿಷ್ಟು ಎಂದು ದರ ಮಾಡಿದರೆ ಬಿರುಕಿನ ಕೆಲಸದಲ್ಲಿಯೇ ಉಳಿತಾಯ ಮಾಡುತ್ತಾರೆ, ಏಕೆಂದರೆ ಕೋಟಿಂಗ್ ಬಿದ್ದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಬಿರುಕು ಬಿಡಿಸಿ ತುಂಬುವುದಕ್ಕೆ, ಅಂಚು ಕಟ್ಟುವುದಕ್ಕೆ, ಜಾಯಿಂಟ್ ತುಂಬುವುದಕ್ಕೆ ರನ್ನಿಂಗ್ ಮೀಟರ್ ಲೆಕ್ಕದಲ್ಲಿ ಬೇರೆ ಬೇರೆ ದರ ಇರಲಿ, ಕಾಲುವೆಯ ಆಳ, ಅಗಲ, ವಸ್ತುವಿನ ಹೆಸರು ನಮೂದಾಗಲಿ. ತುಂಬುವ ಮುನ್ನ ಪ್ರತಿ ಕಾಲುವೆಯನ್ನೂ ನೀವೇ ನೋಡಿ, ಅಳೆದು, ಫೋಟೋ ತೆಗೆದುಕೊಳ್ಳಿ.

ಮುಂಬಯಿಯ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಂಧೇರಿ, ಸಾಕಿನಾಕಾ ಕಡೆಯ ಹಲವು ಗಾಳಾಗಳು (ಸಣ್ಣ ಕಾರ್ಖಾನೆ ಮಳಿಗೆಗಳು) ಮಹಡಿಯ ಮೇಲಿವೆ. ಅಲ್ಲಿ ನೆಲವೆಂದರೆ ಕೆಳಗಿನವರ ಛಾವಣಿ. ಅಂಥ ಸ್ಲ್ಯಾಬಿನಲ್ಲಿ ತೊಲೆಯ ನೇರಕ್ಕೆ ಬಿರುಕು ಬಂದಿದ್ದರೆ, ಅಥವಾ ಕೆಳಗಿನಿಂದ ನೋಡಿದಾಗ ಕಬ್ಬಿಣದ ತುಕ್ಕಿನ ಗೆರೆ ಕಂಡರೆ ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಕೋಟಿಂಗ್ ಮಾತು ಬದಿಗಿಟ್ಟು ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಯಿರಿ. 30 ವರ್ಷ ದಾಟಿದ ಕಟ್ಟಡಗಳಿಗೆ ಅಲ್ಲಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯವಾಗಿಯೇ ಇದೆ.

ಕೋಟಿಂಗ್ ಆದ ಮರುದಿನ ಬರಿಗಾಲಲ್ಲಿ ಓಡಾಡಬಹುದು, ಆದರೆ ಪ್ಯಾಲೆಟ್ ಟ್ರಕ್ಕನ್ನು ಮೂರು ದಿನವಾದರೂ ತಡೆಯಿರಿ. ಕೂಲಂಟ್, ಎಣ್ಣೆ ತಾಗಿಸಲು ಏಳು ದಿನ ಕಾಯಬೇಕು. ಮೊದಲ ಚಳಿಗಾಲದಲ್ಲಿ ಪ್ಯಾನೆಲ್‌ಗಳು ಕುಗ್ಗಿದಾಗ ಅರೆಗಡುಸು ಫಿಲ್ಲರ್ ಒಂದು ಬದಿಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರುವುದು ಕಾಣಬಹುದು. ಅದು ಕೆಲಸ ಕೆಟ್ಟ ಲಕ್ಷಣವಲ್ಲ. ಆ ಫಿಲ್ಲರ್ ಬಿಟ್ಟುಕೊಡಬೇಕಾದದ್ದೇ ಅಲ್ಲಿ. ಸಂದಿಯಲ್ಲಿ ಎಟಿಎಂ ಕಾರ್ಡ್ ತೂರುವಷ್ಟು ಅಗಲವಾದರೆ ಮಾತ್ರ ಅದೇ ಫಿಲ್ಲರನ್ನು ತೆಳುವಾಗಿ ಸುರಿಸಿಕೊಳ್ಳಿ, ಮತ್ತು ಅದನ್ನು ಬೆಳಗಿನ ತಂಪು ಹೊತ್ತಿನಲ್ಲಿ, ಸಂದು ಪೂರ್ತಿ ತೆರೆದಿರುವಾಗಲೇ ಮಾಡಿಸಿ.